ಲಸಿಕೆಯಿಲ್ಲದ ಆರು ಕೋಳಿ

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಮೊಟ್ಟೆ ಸಾಗಿಸುವ ಪಿಕಪ್ ಗಾಡಿಯೊಂದು ಠಾಣೆಯ ಮುಂದೆ ಬಂದು ನಿಂತಿತು. ಅದರಿಂದ ಇಳಿದವಳು ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿದ್ದ, ನಲವತ್ತು ದಾಟಿದ ಹೆಂಗಸು. ಊರಿಗೆಲ್ಲ ಅವಳು ಮೊಟ್ಟೆಯಕ್ಕ. ಊರಾಚೆಯ ಕೋಳಿ ಫಾರ್ಮಿನ ಒಡತಿ. ಕೂದಲಲ್ಲಿ ಒಂದು ಪುಕ್ಕ ಸಿಕ್ಕಿಕೊಂಡಿತ್ತು. ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ನಮ್ಮ ಎರಡನೇ ಶೆಡ್ಡಲ್ಲಿ ಕೋಳಿ ಡಾಕ್ಟ್ರು ಸತ್ತು ಬಿದ್ದಿದ್ದಾರೆ," ಎಂದಳು.

"ಸತ್ತಿದ್ದಾರೋ, ಸಾಯ್ಸಿದ್ದಾರೋ?" ಇನ್ಸ್‌ಪೆಕ್ಟರ್ ಕೇಳಿದರು.

"ತಲೆ ಅರ್ಧ ಇಲ್ಲ ಸಾರ್."

ಇನ್ಸ್‌ಪೆಕ್ಟರ್ ಟೀ ಲೋಟ ಕೆಳಗಿಟ್ಟು ಎದ್ದರು.

ಎಫ್‌ಐಆರ್ ದಾಖಲಾಗಿ ಜೀಪು ಹೊರಟಾಗ ಎಂಟು ಗಂಟೆ. ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು. ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದ ಹೆಡ್ ಕಾನ್‌ಸ್ಟೆಬಲ್. ಜೇಬುಗಳ್ಳರಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು 'ಮಾವ' ಎಂದು. ಇನ್ನೊಬ್ಬಳು ಈ ವರ್ಷವಷ್ಟೇ ಕೆಲಸಕ್ಕೆ ಸೇರಿದ ಮಹಿಳಾ ಕಾನ್‌ಸ್ಟೆಬಲ್. ಮಾತು ಕಡಿಮೆ ಎಂದು ಠಾಣೆಯಲ್ಲಿ ಅವಳನ್ನು 'ಮೌನಮ್ಮ' ಎಂದು ಛೇಡಿಸುತ್ತಿದ್ದರು. ಅದಕ್ಕೂ ಅವಳು ಏನೂ ಅನ್ನುತ್ತಿರಲಿಲ್ಲ.

ಫಾರ್ಮಿನ ಗೇಟಿನಲ್ಲಿ ಔಷಧಿ ನೀರು ತುಂಬಿದ ತೊಟ್ಟಿ ಇತ್ತು. ಹೊರಗಿನ ರೋಗ ಒಳಗೆ, ಒಳಗಿನದು ಹೊರಗೆ ದಾಟದಂತೆ ಬೂಟು ಅದ್ದಿಯೇ ಹೋಗಬೇಕು. ಪ್ರತಿ ಶೆಡ್ಡಿನ ಬಾಗಿಲಲ್ಲೂ ಅಂಥದೇ ಇನ್ನೊಂದು ತೊಟ್ಟಿ.

"ಕೊಲೆ ಮಾಡಿದವನೂ ಕಾಲು ಅದ್ಕೊಂಡೇ ಹೋಗಿರ್ತಾನೆ," ಮಾವ ಗೊಣಗಿದರು. "ಇಷ್ಟು ಕ್ಲೀನಾದ ಆರೋಪಿನ ನನ್ನ ಸರ್ವೀಸಲ್ಲೇ ನೋಡಿಲ್ಲ ಸಾರ್."

ಶೆಡ್ಡಿನೊಳಗೆ ಹೊಟ್ಟಿನ ಹಾಸಿನ ಮೇಲೆ ಶವ ಬೋರಲಾಗಿ ಬಿದ್ದಿತ್ತು. ಹಿಂದಲೆ ಒಡೆದು ಒಳಕ್ಕೆ ಕುಸಿದಿತ್ತು. ಪೆಟ್ಟು ಒಂದಲ್ಲ, ಬಿದ್ದ ಮೇಲೂ ಹೊಡೆದದ್ದು ಕಾಣುತ್ತಿತ್ತು. ಕೆನ್ನೆಯ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಹಿಂದಿನ ಸಂಜೆಯಿಂದ ಹೆಣ ಕೋಳಿಗಳ ನಡುವೆಯೇ ಇತ್ತು. ಕೋಳಿಗೆ ಕೆಂಪು ಕಂಡರೆ ಕೊಕ್ಕು ಸುಮ್ಮನಿರುವುದಿಲ್ಲ. ಒಂದು ಕಿವಿಯ ತುದಿ ಇರಲಿಲ್ಲ, ಗಾಯದ ಅಂಚೆಲ್ಲ ಚಿಂದಿಯಾಗಿತ್ತು. ಪೊಲೀಸರು ಒಳಗೆ ಬಂದಾಗಲೂ ಕೋಳಿಯೊಂದು ಹೆಣದ ಹೆಗಲ ಮೇಲೆ ನಿಂತು ಕತ್ತು ಓರೆ ಮಾಡಿ ಗಾಯವನ್ನೇ ನೋಡುತ್ತಿತ್ತು. ಮಾವ ಟೋಪಿ ಬೀಸಿ ಓಡಿಸಿದರು. ಅದರ ಬಿಳಿ ಎದೆಗೆ ರಕ್ತ ಮೆತ್ತಿತ್ತು. ಓಡುತ್ತಿದ್ದಂತೆ ಉಳಿದ ಕೋಳಿಗಳು ಅದನ್ನು ಅಟ್ಟಿಸಿಕೊಂಡು ಹೋಗಿ ಎದೆಗೇ ಕುಕ್ಕತೊಡಗಿದವು.

ಹೊಟ್ಟು ಕೆರೆಯುವ ಕಬ್ಬಿಣದ ಸಲಿಕೆ ಬಾಗಿಲ ಬಳಿಯ ತೊಟ್ಟಿಯಲ್ಲಿ ಮುಳುಗಿತ್ತು. ಬೆರಳ ಗುರುತಿನ ಆಸೆ ಅಲ್ಲಿಗೇ ಮುಗಿಯಿತು. ಡಾಕ್ಟರ ಪರ್ಸು, ಫೋನು, ಕೈಗಡಿಯಾರ ಎಲ್ಲವೂ ಮೈಮೇಲೇ ಇದ್ದವು. ಪಕ್ಕದಲ್ಲಿ ಐಸ್ ಪೆಟ್ಟಿಗೆ. ಅದರೊಳಗೆ ಚೀಟಿ ಅಂಟಿಸಿದ ರಕ್ತದ ಟ್ಯೂಬುಗಳು, ಕೋಳಿಯ ಗಂಟಲು ಒರೆಸಿದ ಹತ್ತಿಕಡ್ಡಿಗಳು. ಒಂದೂ ಒಡೆದಿರಲಿಲ್ಲ. ಪಂಚನಾಮೆ ಮುಗಿದ ಕೂಡಲೇ ಇನ್ಸ್‌ಪೆಕ್ಟರ್ ಆ ಪೆಟ್ಟಿಗೆಯನ್ನು ರೋಗಪತ್ತೆ ಲ್ಯಾಬಿಗೆ ಕಳಿಸಿದರು.

ಶೆಡ್ಡಿನ ಮೇಸ್ತ್ರಿಯನ್ನು ಕರೆಸಿದರು. ಮೂವತ್ತರ ಆಸುಪಾಸಿನ ತೆಳ್ಳಗಿನ ಆಳು. ಕಣ್ಣು ಕೆಂಪಾಗಿದ್ದವು.

"ಡಾಕ್ಟ್ರು ಇಲ್ಲಿಗ್ಯಾಕೆ ಬಂದಿದ್ರು?"

"ತಿಂಗಳಿಗೊಂದ್ಸಲ ಬರ್ತಾರೆ ಸಾರ್. ಪುಕ್ಕದ ಬುಡದಲ್ಲಿ ಹೇನು, ಹಿಕ್ಕೆಯಲ್ಲಿ ಹುಳ, ಎಲ್ಲ ನೋಡ್ತಾರೆ. ಈಗ ಹಕ್ಕಿಜ್ವರದ ಭಯ ಅಲ್ವಾ, ಕಾವಲು ಕೋಳಿಗಳ ರಕ್ತ ತಗೊಳ್ಳೋಕೆ ಬಂದ್ರು."

"ಅದ್ಯಾವ ಕೋಳಿ?"

ಮೇಸ್ತ್ರಿ ಶೆಡ್ಡಿನ ಮೂಲೆಗೆ ಕರೆದೊಯ್ದ. ಜಾಲರಿ ಹಾಕಿದ ಗೂಡಿನಲ್ಲಿ ನಲವತ್ತರಷ್ಟು ಕೋಳಿಗಳಿದ್ದವು. ಆರರ ಕಾಲಿಗೆ ಮಾತ್ರ ಹಳದಿ ಪ್ಲಾಸ್ಟಿಕ್ ಬಳೆ.

"ಉಳಿದವಕ್ಕೆಲ್ಲ ಜ್ವರದ ಲಸಿಕೆ ಚುಚ್ಚಿದೀವಿ. ಈ ಆರಕ್ಕೆ ಮಾತ್ರ ಬೇಕು ಅಂತಲೇ ಹಾಕಿಲ್ಲ. ರೋಗ ಬಂದ್ರೆ ಮೊದಲು ಇವಕ್ಕೇ ಬಡಿಯುತ್ತೆ, ನಮಗೆ ಗೊತ್ತಾಗುತ್ತೆ."

"ಬಲಿಪಶುಗಳು ಅನ್ನು," ಎಂದರು ಮಾವ.

"ಕಾವಲು ಅಂತೀವಿ ಸಾರ್," ಎಂದ ಮೇಸ್ತ್ರಿ ತಗ್ಗಿದ ದನಿಯಲ್ಲಿ.

ಆರೂ ಕೋಳಿಗಳಲ್ಲಿ ಜ್ವರದ ಲಕ್ಷಣವೇನೂ ಇರಲಿಲ್ಲ. ಆದರೆ ಆರೂ ಗೋಡೆಗೆ ಅಂಟಿಕೊಂಡು ತಲೆ ತಗ್ಗಿಸಿ ಕೂತಿದ್ದವು. ನೆತ್ತಿಯ ಮೇಲೆ ಹಸಿ ಗಾಯ. ಮೌನಮ್ಮ ನೋಡುತ್ತಿದ್ದಂತೆಯೇ ಬೇರೊಂದು ಕೋಳಿ ಬಂದು ಒಂದರ ನೆತ್ತಿಗೆ ಬಲವಾಗಿ ಕುಕ್ಕಿತು.

"ಇವನ್ನ ಮಾತ್ರ ಯಾಕೆ ಹೀಗೆ ಕುಕ್ತಾವೆ?" ಎಂದಳು. ಆ ಬೆಳಿಗ್ಗೆ ಅವಳು ಆಡಿದ ಮೊದಲ ಮಾತು ಅದು.

"ಕೋಳಿ ಬುದ್ಧಿ ಮೇಡಂ," ಎಂದು ಮೇಸ್ತ್ರಿ ಮುಖ ತಿರುಗಿಸಿದ.

"ನೀನು ನಿನ್ನೆ ಎಷ್ಟೊತ್ತಿಗೆ ಹೋದೆ?" ಇನ್ಸ್‌ಪೆಕ್ಟರ್ ಮಾತು ಮುಂದುವರಿಸಿದರು.

"ನಾಲ್ಕಕ್ಕೆ. ಭಾನುವಾರ, ಬೇರೆ ಆಳುಗಳಿಲ್ಲ. ಆಗ ಡಾಕ್ಟ್ರು ಇದ್ರು." ಸ್ವಲ್ಪ ತಡೆದು ಸೇರಿಸಿದ, "ಅಕ್ಕನೂ ಇದ್ರು. ಇಬ್ಬರಿಗೂ ಜೋರು ಮಾತಾಗ್ತಿತ್ತು."

ಮೊಟ್ಟೆಯಕ್ಕನನ್ನು ಠಾಣೆಗೆ ಕರೆತಂದು ಕೂರಿಸಿದರು. ಜಗಳವಾಡಿದ್ದನ್ನು ಅವಳು ಅಲ್ಲಗಳೆಯಲಿಲ್ಲ.

"ರಿಪೋರ್ಟ್ ಬರೋವರೆಗೂ ಒಂದು ಮೊಟ್ಟೆನೂ ಗೇಟ್ ದಾಟಬಾರದು ಅಂದ್ರು. ಕೂಗಾಡ್ದೆ. ನೀವಾದ್ರೂ ಕೂಗಾಡ್ತಿದ್ರಿ."

"ರೋಗ ಇದೆ ಅಂತ ರಿಪೋರ್ಟ್ ಬಂದ್ರೆ?"

"ಬಂದ್ರೆ ಇನ್ನೇನಿದೆ? ಒಂದೂ ಬಿಡದೆ ಕತ್ತು ಮುರಿದು ಗುಂಡೀಲಿ ಹಾಕೋದು. ನಮ್ಮವು ಮಾತ್ರ ಅಲ್ಲ, ಸುತ್ತಲಿನ ಫಾರ್ಮಿನವೂ. ಶೆಡ್ಡಿಗೆ ಬೀಗ."

"ಅಂದ್ರೆ ಡಾಕ್ಟ್ರು ಸತ್ರೆ ಲಾಭ ನಿನಗೇ."

"ಲಾಭ!" ಅವಳು ಬೆಂಚಿನಿಂದ ಎದ್ದೇಬಿಟ್ಟಳು. "ಡಾಕ್ಟ್ರು ಸತ್ರೆ ಜ್ವರ ಸಾಯುತ್ತಾ ಸಾರ್? ನಾಳೆ ಇನ್ನೊಬ್ಬ ಡಾಕ್ಟ್ರು ಬರ್ತಾನೆ. ನಾನು ಮೂರು ಗಂಟೆಗೇ ಮನೆ ಸೇರಿದ್ದೆ. ಅತ್ತೆನ ಕೇಳಿ. ನನ್ನ ಕಂಡ್ರೆ ಅವರಿಗಾಗಲ್ಲ, ನನಗೋಸ್ಕರ ಸುಳ್ಳು ಹೇಳೋ ಪೈಕಿ ಅಲ್ಲ."

ಮಾವ ಹೋಗಿ ಕೇಳಿ ಬಂದರು. ಅತ್ತೆ ಸೊಸೆಯ ಬಗ್ಗೆ ಅರ್ಧ ಗಂಟೆ ದೂರಿದ್ದಳು. ದೂರಿನ ನಡುವೆ, ಮೂರು ಗಂಟೆಯಿಂದ ಸೊಸೆ ಮನೆಯಲ್ಲೇ ಬಿದ್ದುಕೊಂಡಿದ್ದಳು ಎಂದೂ ಹೇಳಿದ್ದಳು. ಆದರೂ ಇನ್ಸ್‌ಪೆಕ್ಟರಿಗೆ ಸಮಾಧಾನವಾಗಲಿಲ್ಲ. ಮನೆಯವರ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಮಂಗಳವಾರ ಮಧ್ಯಾಹ್ನ ಲ್ಯಾಬಿನಿಂದ ಫೋನು ಬಂತು. ಮಾತಾಡಿದವರು ಲ್ಯಾಬಿನ ಮುಖ್ಯಸ್ಥೆ. ಸತ್ತ ಡಾಕ್ಟರಿಗೆ ಪಾಠ ಹೇಳಿದ್ದವರು. ದನಿ ಬಿಗಿಯಾಗಿತ್ತು.

"ಹತ್ತಿಕಡ್ಡಿಗಳಲ್ಲಿ ವೈರಸ್ ಇಲ್ಲ."

"ಹಾಗಾದ್ರೆ ಫಾರ್ಮಲ್ಲಿ ರೋಗ ಇಲ್ಲ ಅಂತಾಯ್ತು."

"ಕೇಳಿ ಮೊದಲು. ಕಾವಲು ಕೋಳಿಗಳ ಆರೂ ಟ್ಯೂಬಲ್ಲಿ ಲಸಿಕೆಯ ಗುರುತಿದೆ. ಲಸಿಕೆ ಹಾಕಿದ ಕೋಳಿ ರಕ್ತದಲ್ಲಿ ಹೇಗಿರುತ್ತೋ ಹಾಗೇ, ಆರರಲ್ಲೂ ಒಂದೇ ಸಮ. ಆ ಕೋಳಿಗಳನ್ನ ಕೊಟ್ಟವಳು ನಾನು. ಅವಕ್ಕೆ ಲಸಿಕೆ ಹಾಕೇ ಇಲ್ಲ. ಇನ್ಸ್‌ಪೆಕ್ಟರೇ, ಇದು ಆ ಕೋಳಿಗಳ ರಕ್ತ ಅಲ್ಲ."

ಇನ್ಸ್‌ಪೆಕ್ಟರ್ ಫೋನನ್ನು ಸ್ಪೀಕರಿಗೆ ಹಾಕಿದರು.

"ಆದ್ರೆ ಬಳೆ ಇರೋ ಕೋಳಿ ಅಲ್ಲೇ ಇವೆ. ನಾವೇ ನೋಡಿದೀವಿ."

"ಬಳೆ ಪ್ಲಾಸ್ಟಿಕ್ಕು. ಒಂದು ಕಾಲಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು."

ಮೌನಮ್ಮ ಮೇಜಿನ ಹತ್ತಿರ ಬಂದಳು. "ಮೇಡಂ, ಜೊತೇಲೇ ಬೆಳೆದ ಕೋಳಿಯನ್ನ ಉಳಿದವು ನೆತ್ತಿ ಒಡೆಯೋ ಹಾಗೆ ಕುಕ್ತಾವಾ?"

"ಇಲ್ಲಮ್ಮ. ಒಂದೊಂದ್ಸಲ ಕುಕ್ಕಬಹುದು, ಅಷ್ಟೇ. ಹಾಗೆ ಹರಿದು ತಿನ್ನೋದು ಹೊರಗಿಂದ ತಂದು ಬಿಟ್ಟ ಕೋಳಿಯನ್ನ. ಯಾಕೆ?"

ಅವಳು ಇನ್ಸ್‌ಪೆಕ್ಟರ ಮುಖ ನೋಡಿದಳು. ಅವರಿಗೆ ಅರ್ಥವಾಗಿತ್ತು. ಡಾಕ್ಟರನ್ನು ಕೊಂದವನು ಅವಸರದಲ್ಲಿ ಓಡಿಹೋಗಿರಲಿಲ್ಲ. ಹೆಣವನ್ನು ಪಕ್ಕದಲ್ಲಿಟ್ಟುಕೊಂಡೇ ಬೇರೆ ಶೆಡ್ಡಿನಿಂದ ಆರು ಗಟ್ಟಿ ಕೋಳಿ ತಂದು, ಬಳೆ ಬದಲಿಸಿ, ರೆಕ್ಕೆಯ ನರಕ್ಕೆ ಸೂಜಿ ಹಾಕಿ ರಕ್ತ ತೆಗೆದು, ಗಂಟಲಿನ ಹತ್ತಿಕಡ್ಡಿಗಳನ್ನೂ ಬದಲಿಸಿ, ಟ್ಯೂಬು ತುಂಬಿಸಿಟ್ಟಿದ್ದ. ಆ ಫಾರ್ಮಿನಲ್ಲಿ ಗಟ್ಟಿ ಕೋಳಿ ಎಂದರೆ ಲಸಿಕೆ ಹಾಕಿದ ಕೋಳಿಯೇ. ಬೇರೆ ಎಲ್ಲಿಂದ ತರಬೇಕಿತ್ತು?

"ನಿಜವಾದ ಆ ಆರು ಕೋಳಿ ಎಲ್ಲಿ?" ಲ್ಯಾಬಿನ ಮೇಡಂ ಕೇಳುತ್ತಿದ್ದರು. "ಬದಲಾಯಿಸಿದ್ದಾನೆ ಅಂದ್ರೆ ಅವಕ್ಕೆ ಜ್ವರ ಬಂದಿರಬೇಕು. ಈ ಸಲದ ಜ್ವರ ಮನುಷ್ಯರಿಗೂ ದಾಟ್ತಿದೆ. ಮಕ್ಕಳಿಗೆ ಬಂದ್ರೆ ಉಳಿಯೋದು ಕಷ್ಟ. ಅವು ಎಲ್ಲಿದ್ರೂ ಹುಡುಕಿ. ಬರಿಗೈಲಿ ಮಾತ್ರ ಮುಟ್ಟಬೇಡಿ."

ಜೀಪು ಮತ್ತೆ ಫಾರ್ಮಿಗೆ ಓಡಿತು. ಎಲ್ಲರಿಗೂ ಮಾಸ್ಕು, ಕೈಗವಸು. ಸತ್ತ ಕೋಳಿ ಹಾಕುವ ಗುಂಡಿಯ ಸುಣ್ಣ ಕೆರೆದು, ಕೊಳೆತದ್ದನ್ನೆಲ್ಲ ಹೊರಗೆಳೆಸಿದರು. ಭಾನುವಾರ ಹಾಕಿದ್ದೆನ್ನುವಂಥ ಒಂದು ಹೊಸ ಕೋಳಿಯೂ ಅದರಲ್ಲಿರಲಿಲ್ಲ.

ಇನ್ಸ್‌ಪೆಕ್ಟರ್ ಗುಂಡಿಯ ಅಂಚಿನಲ್ಲಿ ನಿಂತೇ ಇದ್ದರು. ಮನುಷ್ಯನ ತಲೆ ಒಡೆದವನಿಗೆ ಆರು ಕೋಳಿ ಕೊಂದು ಸುಣ್ಣದಲ್ಲಿ ಮುಚ್ಚುವುದು ಐದು ನಿಮಿಷದ ಕೆಲಸ. ಯಾಕೆ ಮಾಡಲಿಲ್ಲ?

"ಇಲ್ಲಿ ಕೋಳಿಯಿಂದ ರಕ್ತ ತೆಗೆಯೋದು ಯಾರ್ಯಾರಿಗೆ ಬರುತ್ತೆ?" ಮೊಟ್ಟೆಯಕ್ಕನನ್ನು ಕೇಳಿದರು.

"ಡಾಕ್ಟ್ರಿಗೆ. ಬಿಟ್ರೆ ನಮ್ಮ ಮೇಸ್ತ್ರಿಗೆ. ಡಾಕ್ಟ್ರೇ ಕಲಿಸಿದ್ದು. 'ಅರ್ಧ ಡಾಕ್ಟರ್' ಅಂತ ರೇಗಿಸ್ತಿದ್ರು, ಒಂದೇ ಡಬ್ಬೀಲಿ ಊಟ ಮಾಡ್ತಿದ್ರು." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು.

"ಎಲ್ಲಿ ಅವನು?"

"ಇವತ್ತು ಬಂದಿಲ್ಲ. ಮಗೂಗೆ ಜ್ವರ ಅಂತ ಫೋನ್ ಮಾಡಿದ್ದ."

ಮೌನಮ್ಮ ಆಗಲೇ ಜೀಪಿನ ಕಡೆ ಓಡುತ್ತಿದ್ದಳು.

ಮೇಸ್ತ್ರಿಯ ಮನೆ ಟಯರು ಅಂಗಡಿಯೊಂದರ ಮೇಲೆ, ಕಡಿದಾದ ಕಬ್ಬಿಣದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಆಂಬುಲೆನ್ಸಿಗೆ ಹೇಳಿ ಅವರು ಅಲ್ಲಿ ತಲುಪಿದಾಗ ನಾಲ್ಕೂವರೆ. ಬಾಗಿಲು ತೆಗೆದವಳು ಅವನ ಹೆಂಡತಿ. ಸೊಂಟದ ಮೇಲೆ ಎರಡೂವರೆ ವರ್ಷದ ಹೆಣ್ಣು ಮಗು. ಮೂಗು ಸೋರುತ್ತಿತ್ತು, ಕಣ್ಣು ಮಂಕಾಗಿತ್ತು.

"ಮನೇಲಿ ಕೋಳಿ ಇದೆಯೇನಮ್ಮ?"

"ಬಚ್ಚಲಲ್ಲಿ ಇಟ್ಟಿದ್ದಾರೆ. ಹುಷಾರಿಲ್ಲದವು, ಆರೈಕೆ ಮಾಡಿ ವಾಪಸ್ ತಗೊಂಡು ಹೋಗ್ತೀನಿ ಅಂದ್ರು. ಮಗೂನ ಅತ್ತ ಬಿಡಬೇಡ ಅಂತ ಬಾಗಿಲಿಗೆ ಚಿಲಕ ಹಾಕ್ಸಿದ್ರು. ಯಾಕೆ, ಏನಾಯ್ತು?"

ಮೌನಮ್ಮ ಅವಳ ತೋಳು ಹಿಡಿದು ಮಗುವಿನ ಸಮೇತ ಮೆಟ್ಟಿಲ ಕಡೆ ಎಳೆದಳು. ಮಾವ ಬಚ್ಚಲ ಚಿಲಕ ತೆಗೆದರು. ಎರಡು ಕೋಳಿ ಸತ್ತು ಸೆಟೆದಿದ್ದವು. ನಾಲ್ಕು ತೂಕಡಿಸುತ್ತಿದ್ದವು, ಜುಟ್ಟು ನೀಲಿಗಟ್ಟಿ ಊದಿತ್ತು, ಕೊಕ್ಕಿನಿಂದ ಲೋಳೆ ಇಳಿಯುತ್ತಿತ್ತು. ಮುಂದೆ ತಟ್ಟೆಯಲ್ಲಿ ಗ್ಲೂಕೋಸ್ ನೀರು.

ಹಿಂದಿನ ಕೋಣೆಯಿಂದ ಮೇಸ್ತ್ರಿ ನುಗ್ಗಿದ. ಕೈಯಲ್ಲಿ ನಲ್ಲಿ ಬಿಚ್ಚುವ ದೊಡ್ಡ ಸ್ಪ್ಯಾನರ್.

"ಮುಟ್ಟಬೇಡಿ ಅವನ್ನ!"

ಮೊದಲ ಏಟು ಮಾವನ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯದು ಇನ್ಸ್‌ಪೆಕ್ಟರ ಕಿವಿ ಸವರಿಕೊಂಡು ಹೋಗಿ ಬಾಗಿಲ ಚೌಕಟ್ಟನ್ನು ಸೀಳಿತು. ಅವರು ತಲೆ ತಗ್ಗಿಸಿ ಅವನ ಹೊಟ್ಟೆಗೆ ನುಗ್ಗಿದರು. ಇಬ್ಬರೂ ಒದ್ದೆ ನೆಲದ ಮೇಲೆ ಉರುಳಿದರು. ಅವನು ಇನ್ಸ್‌ಪೆಕ್ಟರ ಮುಖಕ್ಕೆ ಗುದ್ದಿದ, ಹೆಗಲಿಗೆ ಹಲ್ಲು ಇಳಿಸಿದ. ಕೆಳಗಿಂದ ಹತ್ತಿ ಬಂದ ಮೌನಮ್ಮ ಬಚ್ಚಲ ಬಕೆಟನ್ನು ನೀರಿನ ಸಮೇತ ಎತ್ತಿ ಅವನ ತಲೆಗೆ ಅಪ್ಪಳಿಸಿದಳು. ಇನ್ನೊಂದು ಸಲ. ಮೂರನೆಯ ಸಲ ಎತ್ತಿದಾಗ ಇನ್ಸ್‌ಪೆಕ್ಟರೇ "ಸಾಕು ತಾಯಿ" ಎಂದರು. ಹುಬ್ಬು ಹರಿದು ರಕ್ತ ಅವನ ಕಣ್ಣು ಮುಚ್ಚಿತ್ತು. ಬೇಡಿ ಬೀಳುವಾಗಲೂ ಅವನು ಕೂಗುತ್ತಿದ್ದುದು ಒಂದೇ ಮಾತು: "ಸಾಯ್ಸಬೇಡಿ, ಅವನ್ನ ಸಾಯ್ಸಬೇಡಿ."

ಗೋಡೆಗೆ ಒರಗಿ ಮುರಿದ ಕೈ ಹಿಡಿದುಕೊಂಡಿದ್ದ ಮಾವ ಹಲ್ಲು ಕಚ್ಚಿ ಹೇಳಿದರು, "ಸಾರ್, ಈ ಮೌನಮ್ಮನ್ನ ಇನ್ಮೇಲೆ ಯಾರೂ ರೇಗಿಸಬಾರದು ಅಂತ ಆರ್ಡರ್ ಹೊರಡಿಸಿ."

ಆಂಬುಲೆನ್ಸ್ ತಾಯಿ ಮಗುವನ್ನು ಕರೆದುಕೊಂಡು ಹೋಯಿತು. ಆರೋಪಿಯ ತಲೆಗೆ ಹೊಲಿಗೆ ಹಾಕಿಸಿ, ಗಂಟಲ ಪರೀಕ್ಷೆ ಮಾಡಿಸಿ, ಲಾಕಪ್ಪಿನಲ್ಲಿ ಬೇರೆಯಾಗಿ ಕೂರಿಸಿದರು. ಬುಧವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಕಂಬಿಯಾಚೆ ಕುರ್ಚಿ ಹಾಕಿಸಿಕೊಂಡರು.

"ಡಾಕ್ಟ್ರು ನಿನ್ನ ಸ್ನೇಹಿತ."

"ಹೌದು."

"ಮತ್ತೆ ಯಾಕೆ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಹೇಳತೊಡಗಿದ. ಮೂರು ವರ್ಷದ ಹಿಂದೆ ಅವನು ಬೇರೊಂದು ಫಾರ್ಮಿನಲ್ಲಿದ್ದಾಗಲೂ ಹಕ್ಕಿಜ್ವರ ಬಂದಿತ್ತು. ಎಲ್ಲ ಕೋಳಿಗಳನ್ನೂ ಕೊಲ್ಲಲು ಆದೇಶವಾಯಿತು, ಆ ತಂಡದಲ್ಲಿ ಇದೇ ಡಾಕ್ಟರೂ ಇದ್ದರು. ತಂದಿದ್ದ ಗ್ಯಾಸ್ ಮೊದಲ ಶೆಡ್ಡಿಗೇ ಮುಗಿಯಿತು. ಉಳಿದದ್ದು ಕೈಯಲ್ಲಿ.

"ಎಡಗೈಲಿ ಕಾಲು, ಬಲಗೈಲಿ ತಲೆ. ಎಳೆದು ತಿರುವೋದು. ಟಕ್ ಅನ್ನುತ್ತೆ. ಗೋಣಿಗೆ ಹಾಕೋದು, ಇನ್ನೊಂದು. ಐದು ದಿನ ಸಾರ್. ಕೆಲವು ಗೋಣಿಯೊಳಗೆ ಎದ್ದು ಕೂರ್ತಿದ್ವು. ಮರಿಯಿಂದ ನಾನೇ ಸಾಕಿದ್ದವು, ಹತ್ತಿರ ಹೋದ್ರೆ ಮೇವು ತಂದ ಅಂತ ಓಡಿ ಬರ್ತಿದ್ವು. ಓಡಿ ಓಡಿ ಕೈಗೇ ಬರ್ತಿದ್ವು. ಉಳಿದ ಆಳುಗಳು ಕುಡಿದು ಬಂದು ಮಾಡಿದ್ರು. ನಾನು ಕುಡಿಯಲ್ಲ."

"ಭಾನುವಾರ ಏನಾಯ್ತು?"

"ಕಾವಲು ಕೋಳಿಗಳ ಜುಟ್ಟು ನೋಡಿದ್ರು. ಬಂದಿದೆ ಕಣೋ, ಟೆಸ್ಟಿಗೆ ಮುಂಚೇನೇ ಗೊತ್ತಾಗ್ತಿದೆ ಅಂದ್ರು. ರಿಪೋರ್ಟ್ ಬಂದ ದಿನವೇ ತಂಡ ಬರುತ್ತೆ, ನೀನೇ ಮುಂದೆ ನಿಲ್ಲಬೇಕು ಅಂದ್ರು. ಹೋದ ಸಲ ನಿನ್ನಷ್ಟು ಬೇಗ ಯಾರೂ ಮಾಡಲಿಲ್ಲ, ಒಳ್ಳೆ ಕೈ ನಿಂದು ಅಂತ ಬೆನ್ನು ತಟ್ಟಿದ್ರು. ನನ್ನಿಂದ ಆಗಲ್ಲ ಅಂದೆ."

"ಏನಂದ್ರು?"

"ನಕ್ರು. ಕೋಳಿ ಸಾಕೋನು ಕೋಳಿ ಕೊಲ್ಲೋಕೆ ಅಳ್ತಾನಾ ಅಂದ್ರು. ತಮಾಷೆಗೇ ಅಂದಿದ್ದು. ಅವರು ಕೆಟ್ಟೋರಲ್ಲ. ಟ್ಯೂಬಿಗೆ ಚೀಟಿ ಅಂಟಿಸೋಕೆ ಆ ಕಡೆ ತಿರುಗಿದ್ರು. ಸಲಿಕೆ ಅಲ್ಲೇ ಇತ್ತು."

"ಎಷ್ಟು ಸಲ ಹೊಡೆದೆ?"

"ನಗು ನಿಲ್ಲೋವರೆಗೂ. ಅವರು ಮೊದಲೇ ನಿಲ್ಲಿಸಿದ್ರು ಅನ್ಸುತ್ತೆ. ನನಗೆ ಕೇಳಿಸ್ತಾನೇ ಇತ್ತು."

ಇನ್ಸ್‌ಪೆಕ್ಟರ್ ಊದಿಕೊಂಡ ದವಡೆ ಮುಟ್ಟಿಕೊಂಡರು. "ಲಸಿಕೆ ಹಾಕಿದ ಕೋಳಿ ರಕ್ತ ಇಟ್ಟೆ. ಲ್ಯಾಬಲ್ಲಿ ಗೊತ್ತಾಗುತ್ತೆ ಅಂತ ಹೊಳೀಲಿಲ್ವಾ?"

"ರೋಗ ಇದೆಯಾ ಅಂತ ತಾನೇ ನೋಡೋದು ಅಂದ್ಕೊಂಡೆ. ಒಂದನೇ ಶೆಡ್ಡಿಂದು ಒಳ್ಳೆ ರಕ್ತ ಸಾರ್. ಆರೂ ನಾನೇ ಆರಿಸಿ ತಂದಿದ್ದು."

"ತಪ್ಪು ಅಕ್ಕನ ತಲೆಗೆ ಕಟ್ಟೋಕೆ ಹೊಳೀತು."

ಅವನು ತಲೆ ತಗ್ಗಿಸಿದ.

"ಮನುಷ್ಯನ ತಲೆ ಒಡೆಯೋಕೆ ಕೈ ಬಂತು. ಆರು ಕೋಳಿ ಕತ್ತು ತಿರುವೋಕೆ ಬರಲಿಲ್ಲ?"

"ಬರಲಿಲ್ಲ. ಒಂದನ್ನ ಹಿಡಿದೆ. ಕತ್ತಿನ ಮೇಲೆ ಬೆರಳಿಟ್ಟೆ. ಬರಲಿಲ್ಲ ಸಾರ್."

ಬಚ್ಚಲಿನ ಕೋಳಿಗಳಲ್ಲಿ ಹಕ್ಕಿಜ್ವರ ಖಚಿತವಾಗಿ, ಅದೇ ದಿನ ಮಧ್ಯಾಹ್ನ ಬಿಳಿ ಉಡುಪಿನ ತಂಡ ಫಾರ್ಮಿಗೆ ಇಳಿಯಿತು. ಮೌನಮ್ಮನಿಗೆ ಗೇಟಿನ ಬಂದೋಬಸ್ತು. ಈ ಸಲ ಗ್ಯಾಸ್ ಸಾಕಷ್ಟಿತ್ತು. ಆದರೂ ಓಡಿ ತಪ್ಪಿಸಿಕೊಂಡವನ್ನು, ಮೂಲೆಗೆ ಒತ್ತಿಕೊಂಡವನ್ನು ಕೈಯಲ್ಲೇ ಮುಗಿಸಬೇಕಾಯಿತು. ಸಂಜೆಯ ಹೊತ್ತಿಗೆ ಶೆಡ್ಡುಗಳಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಮೊಟ್ಟೆಯಕ್ಕ ಬೇಲಿಯಾಚೆ ಪಿಕಪ್ಪಿನಲ್ಲಿ ಕೂತೇ ಇದ್ದಳು. ತಂಡದ ಹುಡುಗನೊಬ್ಬ ಹೊರಗೆ ಬಂದು ಕೈಗವಸು ಕಿತ್ತೆಸೆದು, ಹುಲ್ಲಿನ ಮೇಲೆ ಕೂತು, ಬೆರಳುಗಳನ್ನು ಮಡಚಿ ಬಿಡಿಸಿ ಮಾಡುತ್ತಿದ್ದ. ಮೌನಮ್ಮ ಅವನಿಗೆ ನೀರಿನ ಬಾಟಲಿ ಕೊಟ್ಟಳು.

ಮಗುವಿನ ರಿಪೋರ್ಟು ಶುಕ್ರವಾರ ಬಂತು. ಹಕ್ಕಿಜ್ವರವಲ್ಲ, ಬರೀ ನೆಗಡಿ. ತಾಯಿಗೂ ಏನೂ ಇರಲಿಲ್ಲ.

ಹೇಳಿಕೆ ಕೊಡಲು ಮೇಸ್ತ್ರಿಯ ಹೆಂಡತಿ ಠಾಣೆಗೆ ಬಂದಾಗ ಡಾಕ್ಟರ ತಾಯಿ ಮಗನ ಕೈಗಡಿಯಾರ ತೆಗೆದುಕೊಂಡು ಆಗಷ್ಟೇ ಹೊರಟಿದ್ದಳು. ಬಾಗಿಲಲ್ಲಿ ಇಬ್ಬರೂ ಎದುರಾದರು. ಮುದುಕಿಗೆ ಇವಳು ಯಾರೆಂದು ತಿಳಿಯದು. ಮಗುವಿನ ಕೆನ್ನೆ ಮುಟ್ಟಿ, "ಜ್ವರ ಬಿಡ್ತೇನಮ್ಮ?" ಎಂದು ಕೇಳಿ ಮುಂದೆ ಹೋದಳು. ಮುದುಕಿ ಯಾರೆಂದು ಬಲ್ಲ ಇವಳು ಬಾಗಿಲಿಗೆ ಆತುಕೊಂಡು ನಿಂತುಬಿಟ್ಟಳು. ಮೌನಮ್ಮ ಕೈಹಿಡಿದು ಒಳಗೆ ತಂದು ಕೂರಿಸಬೇಕಾಯಿತು.

ಕೋಳಿ ಮನೆಗೆ ತಂದದ್ದು ಯಾವಾಗ, ಬಟ್ಟೆಯಲ್ಲಿ ರಕ್ತವಿತ್ತೇ, ಏನು ಹೇಳಿದ. ಒಂದೊಂದೇ ಪ್ರಶ್ನೆ, ಒಂದೊಂದೇ ಉತ್ತರ. ಮೌನಮ್ಮ ಬರೆದುಕೊಳ್ಳುತ್ತಾ ಹೋದಳು. ಕೊನೆಗೆ, ಮೂರು ವರ್ಷದ ಹಿಂದಿನ ವಿಷಯ ಗಂಡ ಯಾವತ್ತಾದರೂ ಹೇಳಿದ್ದನೇ ಎಂದು ಕೇಳಿದಳು.

"ಇಲ್ಲ. ನೀವು ಹೇಳಿದ್ಮೇಲೇ ಗೊತ್ತಾಗಿದ್ದು." ತೊಡೆಯ ಮೇಲಿನ ಮಗು ಮೇಜಿನ ಪೆನ್ನಿಗೆ ಕೈ ಚಾಚುತ್ತಿತ್ತು. "ಇವಳು ಹುಟ್ಟಿದಾಗಿಂದ ಅವರು ಒಂದ್ಸಲನೂ ಎತ್ಕೊಂಡಿಲ್ಲ ಮೇಡಂ. ಆಸ್ಪತ್ರೆಲೇ ನರ್ಸಮ್ಮ ಕೈಗೆ ಕೊಡೋಕೆ ಹೋದ್ರೆ ಹಿಂದಕ್ಕೆ ಸರಿದುಬಿಟ್ರು. ಕತ್ತು ನಿಂತಿಲ್ಲ, ಕತ್ತು ನಿಂತಿಲ್ಲ ಅಂದ್ರು. ಕತ್ತು ನಿಂತ ಮೇಲೂ ಎತ್ತಲಿಲ್ಲ. ಹೆಣ್ಣಾಯ್ತು ಅಂತ ಮುನಿಸು ಅಂದ್ಕೊಂಡೆ. ಎಷ್ಟು ಆಡ್ಕೊಂಡಿದೀನಿ ಗೊತ್ತಾ. ನಮ್ಮಮ್ಮನ ಮುಂದೆ, ಅಕ್ಕಪಕ್ಕದವರ ಮುಂದೆ. ನೀನೂ ಒಬ್ಬ ಅಪ್ಪನಾ ಅಂದಿದೀನಿ. ಅವರು ಒಂದಿನಾನೂ ಬಾಯಿ ಬಿಡಲಿಲ್ಲ."

ಮೌನಮ್ಮನ ಪೆನ್ನು ನಿಂತಿತ್ತು. ಇದು ಪ್ರಕರಣಕ್ಕೆ ಸಂಬಂಧಿಸಿದ ಮಾತಲ್ಲ.

"ಇದನ್ನೂ ಬರೀಲಾ?" ಎಂದು ಕೇಳಿದಳು.

"ಬರೀರಿ," ಎಂದಳು ಅವಳು. "ಕೋರ್ಟಿಗೆ ಬೇಕಾಗುತ್ತೋ ಇಲ್ವೋ. ನಂಗೆ ಬೇಕು."